ಹೊನ್ನೆ ಲೋಟದ ನೀರು

ಮನೆಯಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಸಾಕು, ನೆಂಟರಲ್ಲಿ ಯಾರಾದರೊಬ್ಬರು ಹೊನ್ನೆ ಮರದ ಲೋಟದ ಮಾತು ತೆಗೆಯುತ್ತಾರೆ. ರಾತ್ರಿ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಕಂದು ಹಳದಿಯಾಗಿರುತ್ತದೆ. ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳಪು. ಔಷಧಿ ನೀರಿಗಿಳಿದಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ ಎನ್ನಿಸುತ್ತದೆ. ಬೇಕು.

ಹೊನ್ನೆ ರಕ್ತಚಂದನದ ದಾಯಾದಿ. ಎರಡೂ ಟೆರೋಕಾರ್ಪಸ್ ಕುಲದವು. ತೊಗಟೆಗೆ ಕಚ್ಚು ಹಾಕಿದರೆ ರಕ್ತದಂಥ ರಸ ಒಸರಿ, ಒಣಗಿ ಕಪ್ಪುಗೆಂಪು ಅಂಟಾಗುತ್ತದೆ. ಅದರ ಒಗರಿಗೆ ಕಾರಣ ಟ್ಯಾನಿನ್. ಪ್ರೋಟೀನಿಗೆ ಅಂಟಿಕೊಂಡು ಕರುಳಿನ ಒಳಪೊರೆಯನ್ನು ಬಿಗಿಗೊಳಿಸುವುದರಿಂದ ಭೇದಿಗೆ ಕೊಡುತ್ತಿದ್ದರು. 'ಮಲಬಾರ್ ಕೈನೋ' ಎಂಬ ಹೆಸರಿನಲ್ಲಿ ಇದು ಬ್ರಿಟಿಷ್ ಫಾರ್ಮಕೋಪಿಯಾದಲ್ಲೂ ಇತ್ತು. ಮಧುಮೇಹಕ್ಕೆ ಬಳಸುವುದು ಅಂಟನ್ನಲ್ಲ, ಚೇಗನ್ನು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಪ್ರಮೇಹಕ್ಕೆ ಹೇಳಿದ ಅಸನಾದಿ ಗಣದ ಮೊದಲ ಹೆಸರೇ ಇದರದು.

ನೀಲಿ ಹೊಳಪಿನ ಕತೆ ಮಾತ್ರ ಬೇರೆಯೇ ದೇಶದ್ದು. ಮೆಕ್ಸಿಕೋದ ಒಂದು ಮರದ ಕಷಾಯ ಹೀಗೆ ಹೊಳೆಯುವುದನ್ನು ಸ್ಪೇನಿನ ವೈದ್ಯ ಮೊನಾರ್ಡೆಸ್ 1565ರಲ್ಲೇ ಬರೆದಿದ್ದ. ಆಮ್ಲ ಬಿದ್ದರೆ ಆ ನೀಲಿ ಮಾಯವಾಗುತ್ತದೆ, ಕ್ಷಾರ ಬೆರೆಸಿದರೆ ಮರಳುತ್ತದೆ ಎಂದು ರಾಬರ್ಟ್ ಬಾಯ್ಲ್ 1664ರಲ್ಲಿ ತೋರಿಸಿದ. ಹೊಳೆಯುವ ಅಣು ಆ ಮರದಲ್ಲಿ ಸಿದ್ಧವಾಗಿ ಇರುವುದೂ ಇಲ್ಲ. ತುಸು ಕ್ಷಾರೀಯ ನೀರಿನಲ್ಲಿ ಆಮ್ಲಜನಕದ ಜೊತೆ ಸೇರಿ ಹುಟ್ಟುತ್ತದೆ. ಹೊನ್ನೆಯ ನೀರಿನಲ್ಲೂ ಹೊಳಪು ಹೀಗೇ ಹುಟ್ಟುವುದಾದರೆ, ಅದನ್ನು ನೋಡಿ ಔಷಧಿಯ ಕಸುವನ್ನು ಅಳೆಯಲಾಗದು.

ಹಾಗಾದರೆ ಕೆಲಸ ಮಾಡುವುದು ಯಾವುದು? 1980ರ ದಶಕದ ಆರಂಭದಲ್ಲಿ ಹೊನ್ನೆಯಲ್ಲಿರುವ ಎಪಿಕ್ಯಾಟೆಚಿನ್ ಎಂಬ ಅಣುವಿನ ಮೇಲೆ ದೊಡ್ಡ ಆಸೆ ಹುಟ್ಟಿತ್ತು. ಇಲಿಗಳಲ್ಲಿ ಇನ್ಸುಲಿನ್ ಒಸರುವ ಬೀಟಾ ಕೋಶಗಳನ್ನೇ ಅದು ಮತ್ತೆ ಬೆಳೆಸುತ್ತದೆ ಎಂದು ನಮ್ಮ ಸಂಶೋಧಕರು ವರದಿ ಮಾಡಿದರು. ಬೇರೆ ಪ್ರಯೋಗಾಲಯಗಳಲ್ಲಿ ಅದೇ ಫಲ ಸಿಗಲಿಲ್ಲ. 1997ರಲ್ಲಿ ಹೊನ್ನೆಯದೇ ಇನ್ನೆರಡು ಅಣುಗಳಾದ ಟೆರೋಸ್ಟಿಲ್ಬೀನ್ ಮತ್ತು ಮಾರ್ಸುಪಿನ್ ಇಲಿಗಳ ರಕ್ತದ ಸಕ್ಕರೆ ಇಳಿಸಿದವು. ಟೆರೋಸ್ಟಿಲ್ಬೀನ್ ಎಂದರೆ ದ್ರಾಕ್ಷಿಯ ರೆಸ್ವೆರಟ್ರಾಲೇ, ಆದರೆ ಅದರ ಮೂರು ಹೈಡ್ರಾಕ್ಸಿಲ್‌ಗಳಲ್ಲಿ ಎರಡಕ್ಕೆ ಮೀಥೈಲ್ ಸೇರಿಕೊಂಡಿದೆ. ಇದರಿಂದ ಕೊಬ್ಬಿನಂಶವಿರುವ ಕೋಶಪೊರೆಯನ್ನು ಸುಲಭವಾಗಿ ದಾಟುತ್ತದೆ. ತೊಡಕೂ ಅಲ್ಲೇ ಇದೆ: ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಲೋಟದ ನೀರಿನಲ್ಲಿ ಏನಾದರೂ ಗುಣವಿದ್ದರೆ, ಅದರ ಬಹುಪಾಲು ನೀರಿಗೆ ಒಗ್ಗುವ ಬೇರೆ ಅಣುಗಳದ್ದಿರಬೇಕು ಎಂದು ನನ್ನ ಊಹೆ.

ಮನುಷ್ಯರ ಮೇಲಿನ ಪರೀಕ್ಷೆಯೂ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದಾಗಿ ಮಧುಮೇಹ ಕಾಣಿಸಿಕೊಂಡ 97 ಜನರಿಗೆ ಹೊನ್ನೆಯ ಔಷಧಿ ಕೊಟ್ಟು, 1998ರಲ್ಲಿ ಫಲಿತಾಂಶ ಪ್ರಕಟಿಸಿತು. 12 ವಾರಗಳಲ್ಲಿ 67 ಜನರ ಸಕ್ಕರೆ ಹಿಡಿತಕ್ಕೆ ಬಂದಿತ್ತು. ಕಡೆಗಣಿಸುವ ಸಂಖ್ಯೆಯಲ್ಲ. ಆದರೆ ಹುಸಿ ಔಷಧಿ ಪಡೆದ ಇನ್ನೊಂದು ಗುಂಪು ಹೋಲಿಕೆಗೆ ಇರಲಿಲ್ಲ. ಕೊಟ್ಟದ್ದು ಅಳೆದ ಪ್ರಮಾಣ, ದಿನಕ್ಕೆ ಎರಡರಿಂದ ನಾಲ್ಕು ಗ್ರಾಂ. ಲೋಟದಲ್ಲಿ ಆ ಲೆಕ್ಕ ಸಿಗುವುದಿಲ್ಲ. ಮರದ ವಯಸ್ಸು, ಲೋಟ ಎಷ್ಟು ಹಳೆಯದು, ನೀರು ಎಷ್ಟು ಹೊತ್ತು ನಿಂತಿತು, ಎಲ್ಲದರ ಮೇಲೂ ಇಳಿಯುವ ಸತ್ವ ಹೆಚ್ಚುಕಡಿಮೆಯಾಗುತ್ತದೆ. ಕುಡಿಯಲೇಬೇಕೆನ್ನುವವರು ಮಾತ್ರೆ ಬಿಡದೆ, ಡಾಕ್ಟರಿಗೆ ತಿಳಿಸಿ ಕುಡಿಯಲಿ. ಮಾತ್ರೆಯ ಜೊತೆ ಇದೂ ಕೆಲಸ ಮಾಡಿಬಿಟ್ಟರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು.