‘ವೃತ್ತಪತ್ರಿಕೆ’ ಎಂಬ ಶಬ್ದದ ಅರ್ಥವ್ಯಾಪ್ತಿ: ಬ್ರಿಟನ್ನಿನ ಶಾಸನಗಳನ್ನು ಕುರಿತ ಒಂದು ವಿಚಾರ

೨೦೨೩ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಸ್ಥಾನವು ತೆರಿಗೆಗೆ ಸಂಬಂಧಿಸಿದ ಒಂದು ವ್ಯಾಜ್ಯವನ್ನು ತೀರ್ಮಾನಿಸಿತು. ವ್ಯಾಜ್ಯ ಹೂಡಿದವರು ‘ದಿ ಟೈಮ್ಸ್’, ‘ದಿ ಸನ್’ ಮೊದಲಾದ ಪತ್ರಿಕೆಗಳ ಒಡೆಯರಾದ ನ್ಯೂಸ್ ಕಾರ್ಪ್ ಸಂಸ್ಥೆಯವರು. ಪ್ರತಿವಾದಿಗಳು ಸರ್ಕಾರದ ಕಂದಾಯಾಧಿಕಾರಿಗಳು. ತೆರಿಗೆಯ ಲೆಕ್ಕವು ವರ್ತಕರಿಗೆ ಬೇಕಾದುದು. ಶಬ್ದಾರ್ಥವನ್ನು ವಿಚಾರಮಾಡುವವರಿಗೆ ಈ ವ್ಯಾಜ್ಯದಲ್ಲಿ ಸ್ವಾರಸ್ಯವಾದುದು ಮತ್ತೊಂದು ಉಂಟು. ವಾದವೆಲ್ಲವೂ ಒಂದೇ ಶಬ್ದವನ್ನು ಹಿಡಿದು ನಡೆಯಿತು. ‘ನ್ಯೂಸ್‌ಪೇಪರ್’ ಎಂದರೆ ಯಾವುದು? ಕಾಗದವು ಅದರ ಶರೀರವೋ, ಅಥವಾ ಅದು ಉಟ್ಟ ಬಟ್ಟೆ ಮಾತ್ರವೋ?

೧೯೭೩ರಲ್ಲಿ ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆಯ ಕಟ್ಟಳೆಯಲ್ಲಿ ವೃತ್ತಪತ್ರಿಕೆಗಳ ಮೇಲಣ ತೆರಿಗೆಯು ಶೂನ್ಯವೆಂದು ವಿಧಿಸಿತ್ತು. ಆಗ ವೃತ್ತಪತ್ರಿಕೆಯೆಂದರೆ ಕಾಗದದ್ದೇ, ಬೇರೊಂದು ಇರಲಿಲ್ಲ. ಅನಂತರ ಅದೇ ಬರಹಗಳು ಅದೇ ಸಂಪಾದಕರ ಕೈಯಿಂದ ಹೊರಟು ಕಂಪ್ಯೂಟರಿನಲ್ಲಿಯೂ ಮೊಬೈಲ್ ಫೋನಿನಲ್ಲಿಯೂ ಓದುವಂತೆ ಆದುವು. ಇವುಗಳ ಮೇಲೆ ಸರ್ಕಾರವು ಪೂರ್ಣ ತೆರಿಗೆಯನ್ನು ಕೇಳಿತು. ಪತ್ರಿಕೆಯವರ ಪಕ್ಷವೇನೆಂದರೆ: ಶಾಸನವು ಒಮ್ಮೆ ಮಾತನಾಡಿ ಸುಮ್ಮನಾಗುವುದಲ್ಲ, ಅದು ಸದಾ ಮಾತನಾಡುತ್ತಲೇ ಇರುತ್ತದೆ, ಜ್ಞಾನಪ್ರಸಾರವೇ ವಿನಾಯಿತಿಯ ಪ್ರಯೋಜನವಾದುದರಿಂದ, ಆ ಪ್ರಯೋಜನವನ್ನು ಸಾಧಿಸುವ ಹೊಸ ರೂಪವೂ ಹಳೆಯ ಶಬ್ದದೊಳಗೆ ಅಡಗಬೇಕು. ಕೆಳಗಿನ ಎರಡನೆಯ ನ್ಯಾಯಮಂಡಲಿಯು ಈ ಪಕ್ಷವನ್ನು ಒಪ್ಪಿತು. ಮೇಲಿನ ನ್ಯಾಯಸ್ಥಾನಗಳೆರಡೂ ಒಪ್ಪಲಿಲ್ಲ. ಆ ಕಟ್ಟಳೆಯಲ್ಲಿ ಎಣಿಸಿದವೆಲ್ಲವೂ ಕೈಗೆ ಸಿಕ್ಕುವ ಸರಕುಗಳು. ತೆರೆಯ ಮೇಲೆ ಕಾಣುವ ಆವೃತ್ತಿಯಾದರೋ ಸೇವೆ. ಮೇಲಾಗಿ, ಆ ಕಾಲದ ಐರೋಪ್ಯ ನಿಯಮದಂತೆ ೧೯೭೫ರ ಕೊನೆಯಲ್ಲಿ ಇದ್ದ ವಿನಾಯಿತಿಗಳನ್ನು ಉಳಿಸಿಕೊಳ್ಳಬಹುದಾಗಿತ್ತೇ ಹೊರತು ಬೆಳೆಸುವಂತಿರಲಿಲ್ಲ. ಹೀಗೆ ಪತ್ರಿಕೆಯವರು ಸೋತರು. ಇಷ್ಟರೊಳಗೆ, ೨೦೨೦ರ ಮೇ ೧ರಿಂದಲೇ, ಸರ್ಕಾರವು ಅಂತಹ ಆವೃತ್ತಿಗಳಿಗೂ ಶೂನ್ಯ ತೆರಿಗೆಯನ್ನು ಕೊಟ್ಟಾಗಿತ್ತು. ಆದಕಾರಣ ತೀರ್ಪು ಕಳೆದ ಕಾಲದ ಲೆಕ್ಕಕ್ಕೆ ಮಾತ್ರ ಸಂಬಂಧಿಸಿತು.

ಮೀಮಾಂಸೆಯನ್ನು ಬಲ್ಲವರಿಗೆ ಈ ವಾದವು ಹೊಸದಾಗಿ ತೋರದು. ಸೋಮಲತೆ ದೊರೆಯದಿದ್ದರೆ ಪೂತೀಕವನ್ನು ಹಿಂಡಬೇಕೆಂಬ ವಿಧಿಯಿರುವಾಗ, ಪ್ರತಿನಿಧಿಯಾಗಿ ಬಂದ ದ್ರವ್ಯಕ್ಕೆ ಮುಖ್ಯದ್ರವ್ಯದ ಸಂಸ್ಕಾರಗಳೆಲ್ಲವೂ ಸಲ್ಲುವುವೇ ಎಂಬುದು ಅಲ್ಲಿಯ ವಿಚಾರ. ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ಶಾಸ್ತ್ರಕಾರರ ಮತವನ್ನು ಹಿಡಿದರೆ, ‘ಪೇಪರ್’ ಎಂಬ ಅವಯವಾರ್ಥವು ಬಿಟ್ಟುಹೋಗಿ ವರ್ತಮಾನವನ್ನು ನಿಯತಕಾಲದಲ್ಲಿ ತಿಳಿಸುವ ಸಾಧನವೆಂಬ ರೂಢ್ಯರ್ಥವು ಉಳಿಯಬೇಕಾಗಿತ್ತು. ನಮ್ಮ ‘ಪತ್ರಿಕೆ’ ಎಂಬ ಮಾತೂ ಎಲೆಯಿಂದ ಓಲೆಗೆ, ಓಲೆಯಿಂದ ಕಾಗದಕ್ಕೆ ಹೀಗೆಯೇ ನಡೆದು ಬಂದಿತಲ್ಲವೆ? ಆದರೆ ತೆರಿಗೆಯ ಶಾಸನದಲ್ಲಿ ರೂಢಿಯ ಬಲವು ಸಾಲದೆ ಹೋಯಿತು.

ಇಲ್ಲಿ ಚರಿತ್ರೆಯ ಒಂದು ವಿಪರ್ಯಾಸವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಅಚ್ಚುಹಾಕುವುದಕ್ಕೆ ಮುಂಚಿತವಾಗಿ ಅಪ್ಪಣೆ ಪಡೆಯಬೇಕೆಂಬ ಕಾಯಿದೆಯು ೧೬೯೫ರಲ್ಲಿ ಕಾಲಾವಧಿ ತೀರಿ ಬಿದ್ದುಹೋಯಿತು. ಅಪ್ಪಣೆ ಹೋದ ಮೇಲೆ ೧೭೧೨ರಲ್ಲಿ ಮುದ್ರೆಯ ಸುಂಕವು ಬಂದಿತು; ಅದನ್ನು ಹಾಳೆಯ ಲೆಕ್ಕದಲ್ಲಿ ವಸೂಲುಮಾಡುತ್ತಿದ್ದರು. ೧೮೧೫ರ ಹೊತ್ತಿಗೆ ಅದು ಪ್ರತಿಯೊಂದಕ್ಕೆ ನಾಲ್ಕು ಪೆನ್ನಿಗಳಾಗಿ, ಬಡವನಿಗೆ ಪತ್ರಿಕೆಯು ದುರ್ಲಭವಾಯಿತು. ವಿಲಿಯಂ ಕಾಬೆಟ್ ಎಂಬ ಪ್ರಚಂಡ ಬರಹಗಾರನು ೧೮೧೬ರಲ್ಲಿ ವರ್ತಮಾನವನ್ನೆಲ್ಲ ಬಿಟ್ಟು ಅಭಿಪ್ರಾಯವನ್ನಷ್ಟೇ ಅಚ್ಚುಹಾಕಿ, ‘ಇದು ವೃತ್ತಪತ್ರಿಕೆಯಲ್ಲ’ ಎಂದು ಎರಡು ಪೆನ್ನಿಗೆ ಮಾರಿದನು. ಅವನಂತಹರನ್ನು ಹಿಡಿಯುವುದಕ್ಕೆ ೧೮೧೯ರ ಕಾಯಿದೆಯು ಲಕ್ಷಣವನ್ನೇ ಹಿಗ್ಗಿಸಿತು: ಇಪ್ಪತ್ತಾರು ದಿನಗಳಿಗೆ ಮೀರದ ಅವಧಿಯಲ್ಲಿ ಹೊರಟು, ಆರು ಪೆನ್ನಿಗಿಂತ ಕಡಿಮೆ ಬೆಲೆಯದಾಗಿ, ವರ್ತಮಾನವನ್ನಾಗಲಿ ಅದರ ಮೇಲಣ ಟೀಕೆಯನ್ನಾಗಲಿ ಒಳಗೊಂಡ ಸಣ್ಣ ಹೊತ್ತಗೆಯೂ ವೃತ್ತಪತ್ರಿಕೆಯೇ. ಹೆನ್ರಿ ಹೆದರಿಂಗ್ಟನ್ ಎಂಬವನು ಇದನ್ನು ಧಿಕ್ಕರಿಸಿ ೧೮೩೧ರಿಂದ ‘ಪೂರ್ ಮ್ಯಾನ್ಸ್ ಗಾರ್ಡಿಯನ್’ ಎಂಬ ಪತ್ರಿಕೆಯನ್ನು ಮುದ್ರೆಯಿಲ್ಲದೆ ಹೊರಡಿಸಿದನು. ಅವನೂ ಅದನ್ನು ಮಾರಿದ ಅನೇಕರೂ ಸೆರೆಮನೆಗೆ ಹೋದರು. ೧೮೩೪ರಲ್ಲಿ ಜ್ಯೂರಿಯವರು, ಅದು ವೃತ್ತಪತ್ರಿಕೆಯಲ್ಲವೇ ಅಲ್ಲವೆಂದು ತೀರ್ಮಾನಿಸಿದರು. ಅಂದು ಪ್ರಕಾಶಕನು ಸುಂಕದಿಂದ ಪಾರಾಗಲು ‘ನನ್ನದು ವೃತ್ತಪತ್ರಿಕೆಯಲ್ಲ’ ಎಂದನು. ಇಂದು ಪ್ರಕಾಶಕನು ಅದೇ ಕಾರಣಕ್ಕೆ ‘ನನ್ನದು ವೃತ್ತಪತ್ರಿಕೆಯೇ’ ಎನ್ನುತ್ತಾನೆ. ಮುದ್ರೆಯ ಸುಂಕವು ೧೮೫೫ರಲ್ಲಿ ರದ್ದಾಯಿತು.

ಮಾನಹಾನಿಯ ನ್ಯಾಯದಲ್ಲಿ ಉಂಟಾದ ತೊಡಕು ಇದಕ್ಕಿಂತಲೂ ಸೂಕ್ಷ್ಮವಾದುದು. ರಾಜ್ಯಭ್ರಷ್ಟನಾಗಿದ್ದ ಬ್ರನ್ಸ್‌ವಿಕ್ಕಿನ ಡ್ಯೂಕನು, ೧೮೩೦ರಲ್ಲಿ ತನ್ನನ್ನು ನಿಂದಿಸಿದ್ದ ಒಂದು ಲೇಖನವುಳ್ಳ ಹಳೆಯ ಸಂಚಿಕೆಯನ್ನು ಹದಿನೇಳು ವರ್ಷಗಳ ಮೇಲೆ ಸೇವಕನನ್ನು ಕಳುಹಿಸಿ ಕೊಂಡು ತರಿಸಿದನು. ದಾವೆಗೆ ಆರು ವರ್ಷಗಳ ಅವಧಿಯು ಎಂದೋ ಕಳೆದಿದ್ದಿತು. ಆದರೂ ೧೮೪೯ರಲ್ಲಿ ನ್ಯಾಯಾಧೀಶರು, ಸೇವಕನ ಕೈಗೆ ಪ್ರತಿಯನ್ನು ಕೊಟ್ಟುದೇ ಹೊಸ ಪ್ರಕಟನೆಯೆಂದು ಹೇಳಿ ಡ್ಯೂಕನ ಪಕ್ಷವನ್ನು ಎತ್ತಿಹಿಡಿದರು. ಕಾಗದದ ಕಾಲದಲ್ಲಿ ಈ ನಿಯಮದಿಂದ ವಿಶೇಷ ಹಾನಿಯಾಗಲಿಲ್ಲ. ಹದಿನೇಳು ವರ್ಷದ ಸಂಚಿಕೆಯನ್ನು ಹುಡುಕುವ ಡ್ಯೂಕರು ಎಷ್ಟು ಮಂದಿ ಇದ್ದಾರು? ಆದರೆ ಅಂತರ್ಜಾಲದ ಭಂಡಾರದಲ್ಲಿ ಹಳೆಯ ಸಂಚಿಕೆಯು ಪ್ರತಿಕ್ಷಣವೂ ಓದುವವನ ಎದುರಿಗೇ ಇರುತ್ತದೆ. ‘ದಿ ಟೈಮ್ಸ್’ ಪತ್ರಿಕೆಯ ಮೇಲೆ ರಷ್ಯಾದ ಒಬ್ಬ ವ್ಯಾಪಾರಿಯು ಹೂಡಿದ ದಾವೆಯಲ್ಲಿ ೨೦೦೧ರ ತೀರ್ಪು, ಪ್ರತಿಯೊಂದು ಓದೂ ಪ್ರತ್ಯೇಕ ಪ್ರಕಟನೆಯೆಂದೇ ವಿಧಿಸಿತು. ಇದರ ಪರ್ಯವಸಾನವೇನೆಂದರೆ, ಕಾಲಾವಧಿಯೆಂಬುದೇ ಇಲ್ಲದಾಯಿತು. ಲೇಖನವು ತೆರೆಯ ಮೇಲೆ ಇರುವಷ್ಟು ಕಾಲವೂ ಸಂಪಾದಕನು ಆಪಾದಿತನೇ. ಪುರಾವೆಯ ಕಾಗದಗಳು ನಷ್ಟವಾಗಿ ಸಾಕ್ಷಿಗಳು ತೀರಿಹೋದ ಮೇಲೂ ಉತ್ತರ ಹೇಳಬೇಕು. ಈ ಭಯದಿಂದ ಪಾರಾಗುವ ಸುಲಭವಾದ ಮಾರ್ಗವು ಹಳೆಯ ಲೇಖನವನ್ನು ಸದ್ದಿಲ್ಲದೆ ಅಳಿಸುವುದು. ಚರಿತ್ರಕಾರನಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ೨೦೧೩ರ ಮಾನಹಾನಿ ಕಾಯಿದೆಯ ಎಂಟನೆಯ ವಿಧಿಯು ೨೦೧೪ರ ಜನವರಿಯಿಂದ ಈ ಹಳೆಯ ನಿಯಮವನ್ನು ತೊಡೆದುಹಾಕಿತು: ಒಬ್ಬನೇ ಪ್ರಕಾಶಕನು ಅದೇ ಮಾತನ್ನು ಗಣನೀಯವಾದ ವ್ಯತ್ಯಾಸವಿಲ್ಲದೆ ಪ್ರಕಟಿಸುತ್ತಿರುವವರೆಗೆ, ಒಂದು ವರ್ಷದ ಅವಧಿಯನ್ನು ಮೊದಲನೆಯ ಪ್ರಕಟನೆಯಿಂದಲೇ ಎಣಿಸತಕ್ಕದ್ದು. ಇತ್ತೀಚಿನ ಶಾಸನಗಳಲ್ಲಿ ವಿವೇಕವು ಹೆಚ್ಚಾಗಿ ಕಾಣುವುದು ಈ ವಿಧಿಯಲ್ಲಿಯೇ ಎಂದರೆ ಅತಿಶಯೋಕ್ತಿಯಾಗಲಾರದು.

ವರಮಾನದ ವಿಷಯವು ಸರ್ವವಿದಿತವಾದುದು. ೨೦೧೯ರಲ್ಲಿ ಬ್ರಿಟನ್ನಿನ ಅಂತರ್ಜಾಲದ ಜಾಹೀರಾತುಗಳಿಗೆ ವೆಚ್ಚವಾದ ಸುಮಾರು ೧೪೦೦ ಕೋಟಿ ಪೌಂಡುಗಳಲ್ಲಿ ಶೇಕಡಾ ೮೦ರಷ್ಟು ಗೂಗಲ್ ಮತ್ತು ಫೇಸ್‌ಬುಕ್ ಎಂಬ ಎರಡೇ ಸಂಸ್ಥೆಗಳಿಗೆ ಸಂದಿತೆಂದು ಅಲ್ಲಿಯ ಸ್ಪರ್ಧಾ ಪ್ರಾಧಿಕಾರವು ೨೦೨೦ರಲ್ಲಿ ವರದಿಮಾಡಿತು. ‘ದಿ ಟೈಮ್ಸ್’ ೨೦೧೦ರಿಂದ ಅಂತರ್ಜಾಲದ ಓದುಗರಿಗೂ ಚಂದಾ ವಿಧಿಸಿತು. ‘ದಿ ಗಾರ್ಡಿಯನ್’ ಓದುಗರ ಕಾಣಿಕೆಯನ್ನು ನಂಬಿತು. ‘ದಿ ಇಂಡಿಪೆಂಡೆಂಟ್’ ೨೦೧೬ರ ಮಾರ್ಚಿಯಲ್ಲಿ ಕಾಗದವನ್ನೇ ತೊರೆಯಿತು.

ಪತ್ರಿಕೆಗಳ ನಿಯಂತ್ರಣದ ಕಥೆಯಾದರೋ ಉದ್ದವಾದುದು. ೧೮೪೩ರಲ್ಲಿ ಹುಟ್ಟಿದ ‘ನ್ಯೂಸ್ ಆಫ್ ದಿ ವರ್ಲ್ಡ್’ (ಮಂಗಳೂರಿನಲ್ಲಿ ಕಲ್ಲಚ್ಚಿನ ‘ಮಂಗಳೂರ ಸಮಾಚಾರ’ವು ಹೊರಟುದೂ ಅದೇ ವರ್ಷ) ಪರರ ಫೋನಿನ ಸಂದೇಶಗಳನ್ನು ಕದ್ದು ಕೇಳಿದ ಅಪರಾಧದಿಂದ ೨೦೧೧ರಲ್ಲಿ ಮುಚ್ಚಿತು. ನ್ಯಾಯಮೂರ್ತಿ ಲೆವೆಸನ್ನರ ವರದಿಯು ೨೦೧೨ರ ನವೆಂಬರಿನಲ್ಲಿ ಹೊರಬಂದಿತು. ರಾಜಸನದಿನ ಮೂಲಕ ಮನ್ನಣೆ ಪಡೆದ ನಿಯಂತ್ರಕ ಮಂಡಲಿಗೆ ಸೇರದ ಪತ್ರಿಕೆಯು ಗೆದ್ದ ದಾವೆಯಲ್ಲಿಯೂ ಎದುರಾಳಿಯ ಖರ್ಚನ್ನು ತೆರಬೇಕಾಗಬಹುದೆಂಬ ವಿಧಿಯನ್ನು ೨೦೧೩ರಲ್ಲಿ ಬರೆದರು. ಅದನ್ನು ಎಂದಿಗೂ ಜಾರಿಗೆ ತಾರದೆ ೨೦೨೪ರಲ್ಲಿ ರದ್ದುಮಾಡಿದರು. ದೊಡ್ಡ ಪತ್ರಿಕೆಗಳಲ್ಲಿ ಬಹುಪಾಲು ತಾವೇ ಸ್ಥಾಪಿಸಿಕೊಂಡ ‘ಇಪ್ಸೊ’ ಎಂಬ ಮಂಡಲಿಯಲ್ಲಿ ಇವೆ. ‘ಗಾರ್ಡಿಯನ್’, ‘ಫೈನಾನ್ಷಿಯಲ್ ಟೈಮ್ಸ್’ಗಳು ಅದಕ್ಕೂ ಸೇರಿದವಲ್ಲ. ರೇಡಿಯೋ ಟೆಲಿವಿಷನ್ನುಗಳ ಸುದ್ದಿಯು ಮಾತ್ರ ಆಫ್‌ಕಾಮ್ ಎಂಬ ಶಾಸನಬದ್ಧ ಪ್ರಾಧಿಕಾರದ ಅಧೀನವಾಗಿದ್ದು ನಿಷ್ಪಕ್ಷಪಾತವಾಗಿರಬೇಕು. ಪತ್ರಿಕೆಗೆ ಆ ಬಂಧನವಿಲ್ಲ. ಪತ್ರಿಕೆಯು ಚಲಚ್ಚಿತ್ರವನ್ನು ತೋರಿಸುವಾಗ, ಟೆಲಿವಿಷನ್ ಸಂಸ್ಥೆಯು ಲೇಖನವನ್ನು ಬರೆಯುವಾಗ, ಓದುವವನ ಕೈಯ ಯಂತ್ರವು ಒಂದೇ ಆಗಿರುವಾಗ, ಈ ಭೇದಕ್ಕೆ ಆಧಾರವು ಸ್ವರೂಪದಲ್ಲಿಲ್ಲ, ಪೂರ್ವಾಚಾರದಲ್ಲಿ ಮಾತ್ರ ಉಂಟು.

ಕಾಗದವನ್ನು ಬಿಟ್ಟು ಲಕ್ಷಣವನ್ನು ಹೇಳುವ ಪ್ರಯತ್ನವು ೨೦೨೩ರ ಅಂತರ್ಜಾಲ ಸುರಕ್ಷತಾ ಕಾಯಿದೆಯಲ್ಲಿ ಕಾಣಬರುತ್ತದೆ. ಹಾನಿಕರವಾದ ವಿಷಯವನ್ನು ತಡೆಯುವ ಹೊಣೆಯನ್ನು ಫೇಸ್‌ಬುಕ್ಕಿನಂತಹ ವೇದಿಕೆಗಳ ಮೇಲೆ ಹೊರಿಸಿದ ಈ ಕಾಯಿದೆಯು ‘ಮನ್ನಣೆ ಪಡೆದ ಸುದ್ದಿಪ್ರಕಾಶಕ’ರ ಬರಹವನ್ನು ಆ ಹೊಣೆಯಿಂದ ಹೊರಗಿರಿಸಿತು, ಅತಿದೊಡ್ಡ ವೇದಿಕೆಗಳು ಅದನ್ನು ತೆಗೆಯುವುದಕ್ಕೆ ಮುಂಚೆ ಪ್ರಕಾಶಕನಿಗೆ ತಿಳಿಸಬೇಕೆಂದೂ ಸಾಮಾನ್ಯವಾಗಿ ವಿಧಿಸಿತು. ಬಿ.ಬಿ.ಸಿ. ಮೊದಲಾದ ಪ್ರಸಾರಸಂಸ್ಥೆಗಳನ್ನು ಬಿಟ್ಟರೆ ಉಳಿದವರಿಗೆ ಹೇಳಿದ ಲಕ್ಷಣವು ಇಂತಿದೆ: ಸುದ್ದಿಯೇ ಮುಖ್ಯೋದ್ದೇಶವಾಗಿರಬೇಕು, ಬರಹವು ಬೇರೆ ಬೇರೆ ಜನರದಾಗಿದ್ದು ಸಂಪಾದಕನ ಅಂಕೆಗೆ ಒಳಪಟ್ಟಿರಬೇಕು, ಒಂದು ನಡವಳಿಕೆಯ ಸಂಹಿತೆಯೂ ದೂರುಗಳನ್ನು ವಿಚಾರಿಸುವ ಕ್ರಮವೂ ಇರಬೇಕು, ಒಡೆಯನ ಹೆಸರೂ ವಿಳಾಸವೂ ಬಹಿರಂಗವಾಗಿರಬೇಕು, ವಿಳಾಸವು ಬ್ರಿಟನ್ನಿನದಾಗಿರಬೇಕು.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳನ್ನು ನೈಯಾಯಿಕರು ಹೇಳುತ್ತಾರೆ. ೧೮೧೯ರ ಲಕ್ಷಣದಲ್ಲಿ ಇದ್ದುದು ಅತಿವ್ಯಾಪ್ತಿ. ಈಗಿನದರಲ್ಲಿ ಶಂಕಿಸಬೇಕಾದುದು ಅವ್ಯಾಪ್ತಿ. ೨೦೧೭ರ ಜೂನ್ ೧೪ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರಕ್ಕೆ ಬೆಂಕಿ ಹತ್ತಿ ೭೨ ಮಂದಿ ಸತ್ತರು. ಆ ಕಟ್ಟಡದ ನಿವಾಸಿಗಳು ಕೆಲವರು ತಮ್ಮ ಅಂತರ್ಜಾಲದ ಪುಟದಲ್ಲಿ ೨೦೧೬ರ ನವೆಂಬರಿನಲ್ಲಿಯೇ, ಮಹಾ ಅನಾಹುತವೊಂದು ನಡೆಯದೆ ತಮ್ಮ ಮಾತನ್ನು ಯಾರೂ ಕೇಳರೆಂಬ ಅರ್ಥದಲ್ಲಿ ಬರೆದಿದ್ದರು. ಆ ಎಚ್ಚರಿಕೆಯನ್ನು ನಾವೇಕೆ ಕಾಣಲಿಲ್ಲವೆಂದು ಟೆಲಿವಿಷನ್ನಿನ ಹಿರಿಯ ಸುದ್ದಿಗಾರ ಜಾನ್ ಸ್ನೋ ಅವರು ಅದೇ ವರ್ಷದ ಆಗಸ್ಟಿನಲ್ಲಿ ಎಡಿನ್‌ಬರೋದ ಉಪನ್ಯಾಸದಲ್ಲಿ ತಮ್ಮ ವೃತ್ತಿಬಾಂಧವರ ಮುಂದೆ ಕೇಳಿದರು. ಸಂಹಿತೆಯಾಗಲಿ ದೂರಿನ ಕ್ರಮವಾಗಲಿ ಇಲ್ಲದ ಅಂತಹ ಪುಟವು ಈಗಿನ ಲಕ್ಷಣದೊಳಗೆ ಬಾರದು. ಸಾಮಾನ್ಯರು ಬರೆದ ಪತ್ರಿಕಾಸ್ವರೂಪದ ಬರಹಕ್ಕೆ ಕಾಯಿದೆಯ ಬೇರೊಂದು ವಿಧಿಯಲ್ಲಿ ರಕ್ಷಣೆಯುಂಟು, ನಿಜ. ಆದರೆ ಅದು ತೆಗೆದುಹಾಕಿದ ಮೇಲೆ ಶೀಘ್ರವಾಗಿ ದೂರು ಕೊಡುವ ಹಕ್ಕು, ತೆಗೆಯುವುದಕ್ಕೆ ಮುಂಚೆ ಬರುವ ನೋಟೀಸಲ್ಲ. ಸತ್ಯವನ್ನು ಹೇಳಿದವನು ಹೊರಗುಳಿದು, ಅದನ್ನು ಕಾಣದೆ ಹೋದವನು ಒಳಗಿರುವ ಲಕ್ಷಣವು ಪರಿಷ್ಕಾರವನ್ನು ಅಪೇಕ್ಷಿಸುತ್ತದೆ.

ಈಚೆಗೆ ವಿವಾದವು ಕೃತಕ ಬುದ್ಧಿಮತ್ತೆಯ ಕಡೆಗೆ ತಿರುಗಿದೆ. ಪತ್ರಿಕೆಗಳ ಬರಹವನ್ನು ಅನುಮತಿಯಿಲ್ಲದೆ ಯಂತ್ರಗಳ ಶಿಕ್ಷಣಕ್ಕೆ ಬಳಸುವುದನ್ನು ವಿರೋಧಿಸಿ ೨೦೨೫ರ ಫೆಬ್ರವರಿ ೨೫ರಂದು ಪರಸ್ಪರ ಸ್ಪರ್ಧಿಗಳಾದ ಪತ್ರಿಕೆಗಳು ಒಂದೇ ಮುಖಪುಟವನ್ನು ಧರಿಸಿ ಹೊರಟುವು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಪರ್ಧಾ ಪ್ರಾಧಿಕಾರವು ಗೂಗಲ್ಲಿನ ಶೋಧನೆಯನ್ನು ವಿಶೇಷ ನಿಯಮಗಳಿಗೆ ಒಳಪಡಿಸಬಹುದಾದ ಸಂಸ್ಥಾನವೆಂದು ಘೋಷಿಸಿತು.

ಪಾಠಶೋಧಕರಿಗೆ ಉಳಿಯುವ ಚಿಂತೆ ಬೇರೆ. ಬೆಳಿಗ್ಗೆ ಓದಿದ ವರದಿಯು ಸಂಜೆಗೆ ತಿದ್ದಿಹೋಗಿರುತ್ತದೆ. ಮೂಲಪಾಠ, ಪಾಠಾಂತರಗಳೆಂಬ ವಿಭಾಗಕ್ಕೆ ಸಾಕ್ಷಿಯಾಗುವ ಪ್ರತಿಯೇ ಇಲ್ಲ. ಇದನ್ನು ಅರಿತೇ ೨೦೧೩ರ ಏಪ್ರಿಲ್‌ನಿಂದ ಬ್ರಿಟಿಷ್ ಲೈಬ್ರರಿ ಮೊದಲಾದ ಠೇವಣಿ ಪುಸ್ತಕಭಂಡಾರಗಳಿಗೆ ಅಂತರ್ಜಾಲದ ಪುಟಗಳನ್ನು ಸಂಗ್ರಹಿಸಿಡುವ ಅಧಿಕಾರವನ್ನು ಕೊಟ್ಟರು. ೨೦೨೩ರ ಅಕ್ಟೋಬರಿನಲ್ಲಿ ಆ ಲೈಬ್ರರಿಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದರು. ಸಂಗ್ರಹಿಸಿಟ್ಟ ಪುಟಗಳು ಬಹುಕಾಲ ಓದುವವರಿಗೆ ದೊರೆಯದಾದುವು. ಹಳೆಯ ಪತ್ರಿಕೆಗಳ ಕಾಗದದ ಸಂಪುಟಗಳು ಯಾರ್ಕ್‌ಷೈರಿನ ಬಾಸ್ಟನ್ ಸ್ಪಾ ಎಂಬಲ್ಲಿಯ ಕತ್ತಲೆಯ ಉಗ್ರಾಣದಲ್ಲಿ ಸುರಕ್ಷಿತವಾಗಿಯೇ ಇದ್ದುವು. ಆದರೆ ಅಲ್ಲಿ ಸಂಪುಟಗಳನ್ನು ಹುಡುಕಿ ತೆಗೆದುಕೊಡುವುದು ಮನುಷ್ಯರಲ್ಲ, ಯಂತ್ರಗಳು; ಆದಕಾರಣ ಕೆಲವು ಕಾಲ ಅವೂ ಓದುವವರ ಮೇಜಿಗೆ ಬರಲಿಲ್ಲ.