ಆಟಿಕೆಯ ಬಣ್ಣದ ಬೆಲೆ

ಲಿಂಗದಹಳ್ಳಿಯ ಮಗುವಾಗಲಿ ಅಮೆರಿಕದ ಮಗುವಾಗಲಿ, ಆಟಿಕೆಯನ್ನು ಮೊದಲು ಬಾಯಿಗಿಡುತ್ತದೆ. ಬಣ್ಣದಲ್ಲಿ ಸೀಸವಿದ್ದರೆ ಮಿದುಳಿಗೆ ಹಾನಿ. 2007ರ ಆಗಸ್ಟಿನಲ್ಲಿ ಮ್ಯಾಟೆಲ್ ಕಂಪನಿಯು ಇದೇ ಕಾರಣದಿಂದ ಸುಮಾರು 15 ಲಕ್ಷ ಆಟಿಕೆಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ವೆಚ್ಚ, ಅದರದೇ ಅಂದಾಜಿನಂತೆ, 3 ಕೋಟಿ ಡಾಲರ್. 2009ರಲ್ಲಿ ಬಿದ್ದ ದಂಡವಾದರೋ 23 ಲಕ್ಷ ಮಾತ್ರ! ಮಾರಿದ ಸರಕನ್ನು ಹುಡುಕಿ ತರಿಸುವುದು, ಬದಲಿ ಕೊಡುವುದು, ನಾಶಪಡಿಸುವುದು ಇವೇ ದುಬಾರಿಯೆಂಬುದನ್ನು ನಾವು ಗಮನಿಸಬೇಕು.

ಇನ್ನು ನಮ್ಮ ಚನ್ನಪಟ್ಟಣಕ್ಕೆ ಬರೋಣ. ಅಲ್ಲಿಯ ಕುಶಲಕರ್ಮಿಯು ಲೇತಿನಲ್ಲಿ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಘರ್ಷಣೆಯ ಶಾಖದಿಂದಲೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅರಗು ನಿರಪಾಯಕರ, ಅದರಲ್ಲಿ ಬೆರೆತ ಬಣ್ಣ? ಅರಿಸಿನವಾದರೆ ಭಯವಿಲ್ಲ, ಅದೂ ಕಲಬೆರಕೆಯಿಲ್ಲದಿದ್ದರೆ! ವಾಪಸಾತಿಯ ವೆಚ್ಚವನ್ನು ತಾಳಲು ಆತನಲ್ಲಿ ಮ್ಯಾಟೆಲಿನ ಬೊಕ್ಕಸವಿಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾದರೂ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯುಂಟು. ಬಣ್ಣದ ಪುಡಿಯನ್ನು ಅರಿತು ಕೊಳ್ಳುವ ಹೊಣೆ ಆತನಲ್ಲಿಯೇ ಉಳಿದಿದೆ.