'ಒಂದೇ ಬೀರ್ ಅಲ್ವಾ?' – ಮನೆಯಲ್ಲೇ ಕಾಕ್‌ಟೇಲ್, ಬೀರ್ ರುಚಿ ಮತ್ತು ಒಂದು ಸಣ್ಣ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

 

ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ಬೆಂಗಳೂರಾಗ ಮೂರು ವರ್ಷ ಇದ್ದೆ, ಈಗ ಊರಿಂದಾನೇ ಕೆಲಸ ಮಾಡ್ತೀನಿ. ಇಲ್ಲಿ ಕುಡಿಯೋದು ಅಂದ್ರೆ ಹೊಲದ ಬದುವಿನಾಗ ನಿಂತು ಗಟಗಟ ಇಳಿಸೋದು. ಮನೆಯಾಗ ಕೂತು, ರುಚಿ ನೋಡ್ಕೋತ, ಮರ್ಯಾದೆಯಿಂದ ಒಂದು ಗ್ಲಾಸ್ ಮಾಡ್ಕೊಳ್ಳೋದು ಹೆಂಗ ಹೇಳ್ರಿ" ಅಂತ. ಒಳ್ಳೆ ಪ್ರಶ್ನೆ. ಇವತ್ತು ಅದನ್ನೇ ಬಿಡಿಸೋಣ.

ಮೊದಲೇ ಒಂದು ಮಾತು. ಈ ಸಂಚಿಕೆ 21 ತುಂಬಿದವರಿಗೆ. ಕರ್ನಾಟಕದ 1967ರ ಅಬಕಾರಿ ನಿಯಮದಲ್ಲಿ ಇರೋ ವಯಸ್ಸು ಅದೇ. 2023ರಲ್ಲಿ ಅದನ್ನ 18ಕ್ಕೆ ಇಳಿಸೋ ಪ್ರಸ್ತಾಪ ಬಂದು, ವಿರೋಧ ಎದ್ದ ಮೇಲೆ ಸರ್ಕಾರ ಕೈಬಿಟ್ಟಿತು. ಕುಡಿಯದೇ ಇರೋರು ಇದನ್ನ ಕೇಳಿ ಶುರು ಮಾಡ್ಬೇಕಾಗಿಲ್ಲ. ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಪ್ರಮಾಣವೇ ಮದ್ಯಕ್ಕೆ ಇಲ್ಲ ಅಂತ 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ನಮ್ಮ ಕಡೆ ಯಾಕೆ ಗಟಗಟ?

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲಾ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿ ಸೀಮೆ. ಮದ್ರಾಸಿನಲ್ಲಿ 1948ರ ಹೊತ್ತಿಗೆ ಪೂರ್ತಿ ಪಾನನಿಷೇಧ ಬಂದಿತ್ತು. ಮೈಸೂರು ರಾಜ್ಯ ನಿಷೇಧ ತೆಗೆದಿದ್ದು 1967ರಲ್ಲಿ. ಅಂದ್ರೆ ನಮ್ಮ ಅಜ್ಜಂದಿರ ಕಾಲದಲ್ಲಿ ಕುಡಿತ ಅನ್ನೋದು ಕದ್ದು ಮಾಡೋ ಕೆಲಸ. ಕದ್ದು ಕುಡಿಯೋನು ರುಚಿ ನೋಡ್ತಾ ಕೂರಲ್ಲ, ಬೇಗ ಮುಗಿಸ್ತಾನೆ. ಆಮೇಲೆ ಸಾರಾಯಿ ಪ್ಯಾಕೆಟ್ ಬಂತು. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆಯ್ತು, ಅದರ ಜಾಗಕ್ಕೆ 90 ಎಂ.ಎಲ್. ಪ್ಯಾಕ್ ಬಂತು. ಪ್ಯಾಕ್ ಬದಲಾಯ್ತು, ಕುಡಿಯೋ ರೀತಿ ಬದಲಾಗಲಿಲ್ಲ ಅಂತ ನನಗನ್ನಿಸುತ್ತೆ.

ಲೆಕ್ಕ ಮೊದಲು, ಗ್ಲಾಸ್ ಆಮೇಲೆ

ನನ್ನ ಗೆಳೆಯ ಒಬ್ಬ ಕೊಟ್ಟೂರಿಂದ ಕೂಡ್ಲಿಗಿಗೆ ರಾತ್ರಿ ಬೈಕಲ್ಲಿ ಹೊರಟಿದ್ದ. "ಒಂದೇ ಬೀರ್ ಅಲ್ವಾ, ಏನಾಗಲ್ಲ ಬಿಡೋ" ಅಂದ. ನಾನೂ ಸುಮ್ಮನಾದೆ. ದಾರಿಯಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿ ಅವನ ಕಣ್ಣಿಗೆ ಬೀಳಲಿಲ್ಲ. ಜೀವ ಉಳಿತು, ಆದ್ರೆ ಕಾಲಿಗೆ ರಾಡ್ ಹಾಕಿಸ್ಕೊಂಡು ಆರು ತಿಂಗಳು ಮನೇಲಿ ಕೂತ. ಅವನು ಕುಡಿದಿದ್ದು ನಿಜಕ್ಕೂ ಒಂದೇ ಬೀರ್. ಆದ್ರೆ ಅದು ಸ್ಟ್ರಾಂಗ್ ಬೀರ್, 650 ಎಂ.ಎಲ್. ಬಾಟಲಿ.

ಈಗ ಲೆಕ್ಕ ನೋಡ್ರಿ. ಬಾಟಲಿ ಮೇಲೆ ಶೇಕಡಾ 8 ಅಂತ ಇದ್ರೆ, 650ರಲ್ಲಿ 52 ಎಂ.ಎಲ್. ಶುದ್ಧ ಆಲ್ಕೋಹಾಲ್. ವಿಸ್ಕಿ, ರಮ್ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತೆ. 30 ಎಂ.ಎಲ್. ಪೆಗ್‌ನಲ್ಲಿ ಸುಮಾರು 13 ಎಂ.ಎಲ್. ಅಂದ್ರೆ ಆ 'ಒಂದೇ ಬೀರ್' ನಾಲ್ಕು ಪೆಗ್‌ಗೆ ಸಮ! 90ರ ಪ್ಯಾಕ್‌ಗಿಂತಲೂ ಜಾಸ್ತಿ. ಶೇ. 5ರ ಮೈಲ್ಡ್ ಬೀರ್ ಆದ್ರೆ ಅದೇ ಬಾಟಲಿ ಎರಡೂವರೆ ಪೆಗ್.

ನಮ್ಮ ಲಿವರ್ ಗಂಟೆಗೆ ಸುಮಾರು 10 ಗ್ರಾಂ ಆಲ್ಕೋಹಾಲ್ ಕರಗಿಸುತ್ತೆ. ಆ ಸ್ಟ್ರಾಂಗ್ ಬಾಟಲಿಯಲ್ಲಿ ಇರೋದು 41 ಗ್ರಾಂ. ನಾಲ್ಕು ಗಂಟೆಗಿಂತ ಹೆಚ್ಚು ಬೇಕು. ಮಜ್ಜಿಗೆ ಕುಡಿದ್ರೆ, ತಣ್ಣೀರು ಸುರ್ಕೊಂಡ್ರೆ, ಸ್ಟ್ರಾಂಗ್ ಚಹಾ ಕುಡಿದ್ರೆ ಇಳಿಯೋದು ಮುಖದ ಬಿಸಿ ಮಾತ್ರ, ರಕ್ತದಲ್ಲಿರೋದು ಅಲ್ಲೇ ಇರುತ್ತೆ. ಗಾಡಿ ಓಡಿಸೋಕೆ ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. 60 ಕೆ.ಜಿ. ತೂಕದವನು ಒಂದು ಸ್ಟ್ರಾಂಗ್ ಬಾಟಲಿ ಬೇಗ ಮುಗಿಸಿದ್ರೆ ಈ ಮಿತಿಯನ್ನ ಎಷ್ಟೋ ಪಟ್ಟು ದಾಟಿರ್ತಾನೆ. ಮೊದಲ ಸಲ ಸಿಕ್ಕಿಬಿದ್ರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ದಂಡ ಕಟ್ಟಿ ಮುಗಿಸಬಹುದು, ಕಾಲು ವಾಪಸ್ ಬರಲ್ಲ.

ಬೀರ್ ರುಚಿ ನೋಡೋದು

ಮನೇಲಿ ಕೂಸಿಗೆ ರಾಗಿ ಸರಿ ಮಾಡೋಕೆ ಅಮ್ಮ ರಾಗಿ ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿತಾಳಲ್ಲ? ಅದೇ ಕೆಲಸ ಬಾರ್ಲಿಗೆ ಮಾಡಿದ್ರೆ ಅದು ಮಾಲ್ಟ್. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟನ್ನ ಸಕ್ಕರೆ ಮಾಡೋ ಶಕ್ತಿ ಹುಟ್ಟುತ್ತೆ. ಆ ಸಕ್ಕರೆಯನ್ನ ಯೀಸ್ಟ್ ತಿಂದು ಆಲ್ಕೋಹಾಲ್, ಗ್ಯಾಸು ಬಿಡುತ್ತೆ. ಕಹಿ ಬರೋದು ಹಾಪ್ಸ್ ಅನ್ನೋ ಬಳ್ಳಿಯ ಹೂವಿಂದ. ನಮ್ಮ ದೇಶದ ಎಷ್ಟೋ ಲಾಗರ್ ಬೀರುಗಳಿಗೆ ಅಕ್ಕಿ ಅಥವಾ ಮೆಕ್ಕೆಜೋಳನೂ ಬೀಳುತ್ತೆ. ಆಫ್ರಿಕಾದಲ್ಲಂತೂ ನಮ್ಮ ಜೋಳದಂಥ ಜೋಳದಲ್ಲೇ ಬೀರ್ ಮಾಡ್ತಾರೆ.

ನಾಲ್ಕು ಜನ ಸೇರಿ ಮೂರು ಥರದ ಬೀರ್ ತಗೊಳ್ರಿ: ಒಂದು ಲಾಗರ್, ಒಂದು ಗೋಧಿ ಬೀರ್, ಒಂದು ಕಪ್ಪನೆಯ ಸ್ಟೌಟ್. ಒಬ್ಬೊಬ್ಬರಿಗೆ ಒಂದೊಂದರಲ್ಲಿ 100 ಎಂ.ಎಲ್. ಸಾಕು. ಗ್ಲಾಸ್‌ಗೆ ಎಣ್ಣೆ, ಸೋಪಿನ ಪಸೆ ಇರಬಾರದು, ಇದ್ರೆ ನೊರೆ ಸತ್ತೋಗುತ್ತೆ. ಗ್ಲಾಸ್ ಓರೆ ಮಾಡಿ ಹುಯ್ದು, ಕೊನೆಗೆ ನೇರ ಮಾಡಿ, ಒಂದು ಬೆರಳು ನೊರೆ ಬರಲಿ. ಮೊದಲು ಬಣ್ಣ ನೋಡ್ರಿ, ಆಮೇಲೆ ಮೂಸ್ರಿ. ಗೋಧಿ ಬೀರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರಬಹುದು. ಅದನ್ನ ಯಾರೂ ಹಾಕಿರಲ್ಲ, ಯೀಸ್ಟ್ ಕೊಟ್ಟಿದ್ದು. ಸ್ಟೌಟ್‌ನಲ್ಲಿ ಕಾಫಿ, ಸೀದ ರೊಟ್ಟಿಯ ವಾಸನೆ, ಅದು ಮಾಲ್ಟ್ ಜಾಸ್ತಿ ಹುರಿದಿದ್ದಕ್ಕೆ. ಸಣ್ಣ ಗುಟುಕು ತಗೊಂಡು ಬಾಯೆಲ್ಲಾ ಆಡಿಸಿ ನುಂಗ್ರಿ. ಐಸ್ ಥರ ಕೊರೆಯೋ ಬೀರ್‌ಗೆ ರುಚಿ ಗೊತ್ತಾಗಲ್ಲ, ಫ್ರಿಜ್‌ನಿಂದ ತೆಗೆದು ಐದು ನಿಮಿಷ ಬಿಡ್ರಿ. ಬಿಸಿಲಲ್ಲಿ ಇಟ್ಟ ಹಸಿರು ಬಾಟಲಿ ಮಾತ್ರ ಬೇಡ. ಬೆಳಕು ತಾಗಿದ್ರೆ ಹಾಪ್ಸ್ ಕೆಟ್ಟು ನಾತ ಬರುತ್ತೆ, ಕಂದು ಗಾಜಿನ ಬಾಟಲಿ ಬಂದಿರೋದೇ ಅದಕ್ಕೆ.

ನಡುನಡುವೆ ಏನು ತಿನ್ನೋದು? ಬರೀ ಮಂಡಕ್ಕಿ. ಮಿರ್ಚಿ ಭಜಿ ಕೊನೆಗೆ ಇರಲಿ. ಖಾರದ ಉರಿ ಮೇಲೆ ಗ್ಯಾಸಿನ ಚುಚ್ಚು ಸೇರಿದ್ರೆ ನಾಲಿಗೆಗೆ ಬೇರೇನೂ ತಿಳಿಯಲ್ಲ.

ಕಾಕ್‌ಟೇಲ್: ಮೊದಲು ಮದ್ಯ ಇಲ್ಲದೆ ಮಾಡ್ರಿ

ಕಾಕ್‌ಟೇಲ್ ಅಂದ್ರೆ ಹುಳಿ, ಸಿಹಿ, ಮದ್ಯ, ನೀರು ಇವುಗಳ ಹದ. ನಮ್ಮ ಪಾನಕದ ಲೆಕ್ಕಾನೇ. ಅಳತೆಗೆ ಪೆಗ್ ಮೆಷರ್ ಇಲ್ವಾ? ಕೆಮ್ಮಿನ ಸಿರಪ್ ಬಾಟಲಿಯ ಗುರುತು ಇರೋ ಮುಚ್ಚಳ ತೊಳೆದು ಇಟ್ಕೊಳ್ರಿ. ಕಣ್ಣಳತೆ ಯಾವತ್ತೂ ಮೋಸ, ಎರಡನೇ ಗ್ಲಾಸ್‌ಗೆ ಕಣ್ಣೂ ದೊಡ್ಡದಾಗುತ್ತೆ.

ಒಂದು: ನಿಂಬೆರಸ 20 ಎಂ.ಎಲ್., ಸಮಸಮ ಸಕ್ಕರೆ-ನೀರಿನ ಪಾಕ 20 ಎಂ.ಎಲ್., ಗ್ಲಾಸ್ ತುಂಬ ಐಸ್, ಮೇಲೆ ಸೋಡಾ. ಇದಕ್ಕೆ 30 ಎಂ.ಎಲ್. ಜಿನ್ ಸೇರಿದ್ರೆ ಕಾಲಿನ್ಸ್. ಪುದೀನ ಹಾಕಿ, ಜಿನ್ ಬದಲು ಬಿಳಿ ರಮ್ ಹಾಕಿದ್ರೆ ಮೊಹಿಟೊ.

ಎರಡು: ಕೂಡ್ಲಿಗಿ ಕಡೆಯವರಿಗೆ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನ ಬಿಸಿನೀರಲ್ಲಿ ನೆನೆಸಿ ಕಿವುಚಿ ಸೋಸಿ, ಬೆಲ್ಲ, ಚೂರು ಶುಂಠಿ, ಚಿಟಿಕೆ ಉಪ್ಪು. 30 ಎಂ.ಎಲ್. ಕಪ್ಪು ರಮ್‌ಗೆ ಇದು ಬಲೇ ಹೊಂದುತ್ತೆ.

ಮೂರು: ಹಗರಿಬೊಮ್ಮನಹಳ್ಳಿ ಕಡೆಯವರಿಗೆ ದಾಳಿಂಬೆ. ರಸ 60, ನಿಂಬೆ 15, ವೋಡ್ಕಾ 30 ಎಂ.ಎಲ್., ಐಸ್, ಸೋಡಾ. ಬಾರಿನಲ್ಲಿ ಇಡೋ ಕೆಂಪು ಗ್ರೆನಡಿನ್ ಸಿರಪ್ ಕೂಡ ಮೂಲದಲ್ಲಿ ದಾಳಿಂಬೆಯದ್ದೇ.

ಹಡಗಲಿಯವರು ಕೇಳ್ತೀರಿ, "ಮಲ್ಲಿಗೆ ಹಾಕಬಹುದಾ?" ಅಂತ. ಜಿಐ ಮಾನ್ಯತೆ ಇರೋ ಹೂವು, ಆಸೆ ಆಗೋದು ಸಹಜ. ಆದ್ರೆ ಮಾರೋಕೆ ಬೆಳೆದ ಹೂವಿಗೆ ಔಷಧಿ ಹೊಡೆದಿರ್ತಾರೆ. ಪಕ್ಕದಲ್ಲಿ ಇಟ್ಟು ಮೂಸ್ರಿ, ಗ್ಲಾಸ್‌ಗೆ ಬೇಡ.

ಒಂದು ಗುಟ್ಟು: ಮೊದಲ ಗ್ಲಾಸನ್ನ ಮದ್ಯ ಇಲ್ಲದೆ ಮಾಡಿ ಕುಡಿರಿ. ಅದು ರುಚಿ ಇದ್ರೆ ನಿಮ್ಮ ಹದ ಸರಿ ಇದೆ. ರುಚಿ ಇಲ್ಲದಿದ್ರೆ ಮದ್ಯ ಅದನ್ನ ಮುಚ್ಚುತ್ತೆ, ಸರಿ ಮಾಡಲ್ಲ. ಕುಡಿಯದ ತಂಗಿಗೂ, ಗಾಡಿ ಓಡಿಸೋ ಗೆಳೆಯನಿಗೂ ಅದೇ ಗ್ಲಾಸ್, ಅದೇ ಮರ್ಯಾದೆ. ಎನರ್ಜಿ ಡ್ರಿಂಕ್ ಬೆರೆಸಬೇಡಿ, ಅದರ ಕೆಫೀನ್ ಏರಿರೋದನ್ನ ಮರೆಮಾಚುತ್ತೆ. ಮಾತ್ರೆ ತಗೋತಿದ್ರೆ ಮೊದಲು ಡಾಕ್ಟರನ್ನ ಕೇಳಿ.

ಮನೇಲಿ ಬೆರೆಸಬಹುದು, ಮನೇಲಿ ಬೇಯಿಸುವಂತಿಲ್ಲ

ಯೂಟ್ಯೂಬ್ ನೋಡಿ ಬೀರ್ ಕೊಳೆ ಹಾಕೋದು, ಭಟ್ಟಿ ಇಳಿಸೋದು – ಲೈಸೆನ್ಸ್ ಇಲ್ಲದೆ ಮಾಡಿದ್ರೆ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಕಳ್ಳಬಟ್ಟಿಯ ಭಯ ಸುಮ್ಮನೆ ಅಲ್ಲ. 1981ರಲ್ಲಿ ಬೆಂಗಳೂರಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧ ಆದ ಮರುವರ್ಷ, 2008ರ ಮೇನಲ್ಲಿ, ಕರ್ನಾಟಕ–ತಮಿಳುನಾಡು ಗಡಿ ಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು. ಕೊಲ್ಲೋದು ಮೆಥನಾಲ್. ರುಚಿಯಲ್ಲಿ, ವಾಸನೆಯಲ್ಲಿ ಅದನ್ನ ಕಂಡುಹಿಡಿಯೋಕಾಗಲ್ಲ. ಹಾಗಾಗಿ ಲೈಸೆನ್ಸ್ ಇರೋ ಅಂಗಡಿಯಿಂದಲೇ, ಸೀಲು, ಅಬಕಾರಿ ಚೀಟಿ ನೋಡಿಯೇ ತಗೊಳ್ರಿ.

ಗಾಂಧೀಜಿಯ ಚಿತಾಭಸ್ಮ ಇಟ್ಟಿರೋ ಸ್ಮಾರಕ ನಮ್ಮ ಕೂಡ್ಲಿಗಿಯಲ್ಲೇ ಇದೆ. ಅದರ ಮುಂದೆ ಹಾದುಹೋಗುವಾಗ, ಕುಡಿತದಿಂದ ಮನೆ ಕಳ್ಕೊಂಡವರು ಇದೇ ಊರುಗಳಲ್ಲಿ ಇದ್ದಾರೆ ಅನ್ನೋದು ನೆನಪಾಗುತ್ತೆ. ವಾರಕ್ಕೊಂದು ಗ್ಲಾಸ್ ಅಂದಿದ್ದು ದಿನಾ ಆಗ್ತಿದೆ, ಬಿಡೋಕಾಗ್ತಿಲ್ಲ ಅನ್ನಿಸಿದ್ರೆ 14446ಕ್ಕೆ ಫೋನ್ ಮಾಡಿ. ವ್ಯಸನ ಬಿಡಿಸೋಕೆ ಇರೋ ರಾಷ್ಟ್ರೀಯ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ.

ಇನ್ನು ಮುಂದೆ ಯಾರಾದ್ರೂ "ಒಂದೇ ಬೀರ್ ಅಲ್ವಾ?" ಅಂದ್ರೆ, ಬಾಟಲಿ ತಿರುಗಿಸಿ ಶೇಕಡಾ ಎಷ್ಟು ಅಂತ ಓದಿ ಹೇಳ್ರಿ. ಆಮೇಲೆ ಅವರ ಬೈಕ್ ಕೀಲಿ ಇಸ್ಕೊಳ್ರಿ. ನಾನು ಅವತ್ತು ಇಸ್ಕೊಂಡಿರಲಿಲ್ಲ.